ಓದದೆ ತೊಳೆದ ಕಲ್ಲು

"ಹೆಸರು ಓದದೆ ಕಲ್ಲಿಗೆ ನೀರು ಮುಟ್ಟಿಸ್ಬೇಡಪ್ಪ," ಎಂದಳು ಸ್ಮಶಾನ ಕಾಯುವ ಅಜ್ಜಿ. "ಗಟ್ಟಿಯಾಗಿ ಓದು. ಒಂದು ಉಸಿರು ಕಾಯಿ. ಆಮೇಲೆ ತೊಳಿ."

ಇಂಜಿನಿಯರ್ ನಕ್ಕ. "ಹಾಜರಿ ಕೂಗ್ಬೇಕಾ ಅಜ್ಜಿ? ಯಾರಾದ್ರೂ 'ಬಂದೆ' ಅಂದ್ರೆ ಏನ್ ಮಾಡ್ಲಿ?"

ಅಜ್ಜಿ ನಗಲಿಲ್ಲ.

ಹಳೆಯ ಸ್ಮಶಾನವನ್ನು ಉಳಿಸಿ ಜನರಿಗೆ ತೋರಿಸಬೇಕೆಂದು ಸಮಿತಿಯವರು ಅವನನ್ನು ಕರೆಸಿ ಒಂಬತ್ತು ದಿನವಾಗಿತ್ತು. ಎಂಟು ದಿನ ಅವನು ಮುಂದಿನ ಸಾಲಿನಲ್ಲೇ ಕಳೆದ. ಅಲ್ಲಿ ಕಲ್ಲುಗಣಿಯ ಧಣಿಗಳು ಮಲಗಿದ್ದರು. ಅವರ ಅಮೃತಶಿಲೆಗೆ ಮೆದು ಬ್ರಷ್ಷು, ಸೋಸಿದ ನೀರು, ಒಂದೊಂದು ಅಕ್ಷರಕ್ಕೂ ಫೋಟೋ. ಹಿಂದಿನ ಮೂಲೆಯಲ್ಲಿದ್ದವರು ಅದೇ ಧಣಿಗಳಿಗಾಗಿ ಕಲ್ಲು ಒಡೆದು ಸತ್ತವರು. ಧಣಿಗಳ ಕುದುರೆಗಳ ಹೆಸರೂ ದಾಖಲೆಯಲ್ಲಿತ್ತು, ಇವರದು ಇರಲಿಲ್ಲ. ಇವರು ಬದುಕಿದ್ದರು ಎನ್ನುವುದಕ್ಕೆ ಆ ಮೂಲೆಯ ಮೊಣಕಾಲೆತ್ತರದ ಸುಣ್ಣಕಲ್ಲುಗಳೇ ಸಾಕ್ಷಿ. ಇವರ ಪಾಲಿಗೆ ಬಂದದ್ದು ಒಂದು ಮಧ್ಯಾಹ್ನ, ಒಂದು ಕ್ಯಾನ್ ಆಸಿಡ್. ಈ ಮೂಲೆಗೆ ಯಾರು ಬಂದು ನೋಡುತ್ತಾರೆ ಎಂಬುದು ಅವನ ಲೆಕ್ಕ.

ಕೊನೆಯ ಕಲ್ಲಿಗೆ ಅಜ್ಜಿ ಅಡ್ಡ ನಿಂತು ಅದರ ಕತೆ ಹೇಳಿದಳು. ಗಣಿಯಲ್ಲಿ ಮದ್ದು ಸಿಡಿಸುವ ಮೊದಲು ಗಂಟೆ ಹೊಡೆಯಬೇಕಿತ್ತು. ಒಂದು ದಿನ ಧಣಿಯ ಅವಸರಕ್ಕೆ ಹೊಡೆಯಲಿಲ್ಲ. ನಾಲ್ಕು ವರ್ಷದ ಹುಡುಗಿ ಬಂಡೆಯಡಿ ಹೋದಳು. ಅಂಥ ಮಗುವೇ ಇರಲಿಲ್ಲ ಎಂದುಬಿಟ್ಟ ಧಣಿ. ಕಲ್ಲು ಒಡೆಯುತ್ತಿದ್ದ ತಾಯಿ ತಾನೇ ಈ ಕಲ್ಲು ಹೊತ್ತು ತಂದು ಹೆಸರು ಕೊರೆದಳು, ಮೇಲೊಂದು ಪುಟ್ಟ ಮುಖ ಬಿಡಿಸಿದಳು. ತನ್ನ ಕೂದಲನ್ನು ಉಳಿಗೆ ಸುತ್ತಿ ಕಲ್ಲಿನಡಿ ಹೂತು ಮಾಟ ಕಟ್ಟಿದಳು: ಈ ಹೆಸರು ಅಳಿಸಿದವನ ಮನೆಯ ಬಾಯಿ ಮುಚ್ಚಲಿ. ಒಂದು ಅಕ್ಷರ ಕೆತ್ತಿ ತೆಗೆಯಲು ಧಣಿಯೇ ಬಂದಿದ್ದ, ಅವನ ಮಗ ತಿಂಗಳೊಳಗೆ ಹಸಿವಿನಿಂದ ಸತ್ತನಂತೆ. ಮನೆಯಲ್ಲಿ ಅನ್ನವಿಲ್ಲದೆ ಅಲ್ಲ.

"ನಿಂಗೂ ಅಷ್ಟೇ ವಯಸ್ಸಿನ ಮಗಳಿದ್ದಾಳಲ್ಲ," ಎಂದಳು ಅಜ್ಜಿ. "ಫೋಟೋ ತೋರಿಸಿದ್ಯಲ್ಲ."

"ಅದಕ್ಕೇ ಬೇಗ ಮನೆಗೆ ಹೋಗ್ಬೇಕು," ಎಂದು ಅವನು ಆಸಿಡ್ ಸುರಿದ.

ಕಲ್ಲು ಬುಸ್ಸೆಂದಿತು. ಹಳದಿ ನೊರೆ ಉಕ್ಕಿತು. ಗಂಟಲು ಕೊರೆಯುವ ಹುಳಿ ಘಾಟಿನ ಹಿಂದೆ ಇನ್ನೊಂದು ವಾಸನೆ, ಸುಟ್ಟ ಕೂದಲಿನದು. ನೆತ್ತಿಯ ಮೇಲೆ ಬಿಸಿಲಿತ್ತು. ಆದರೂ ಕಲ್ಲಿನ ಸುತ್ತ ಒಂದು ಮೊಳ ಜಾಗ ಕಪ್ಪಿಟ್ಟಿತು. ನೊರೆಯಡಿ ಆ ಪುಟ್ಟ ಬಾಯಿ ಒಮ್ಮೆ ತೆರೆದಂತೆ ಕಂಡಿತು. ನೊರೆ ಇಳಿಯಿತು. ಮುಖವಿಲ್ಲ. ಹೆಸರಿಲ್ಲ. ಬಳಸಿದ ಸೋಪಿನ ಹಾಗೆ ನುಣ್ಣಗೆ ಕಲ್ಲು. ಮೊದಲು ತೊಳೆದ ಕಲ್ಲುಗಳನ್ನು ತಿರುಗಿ ನೋಡದೆ, ಆಸಿಡ್ ಹೊಲಸನ್ನಷ್ಟೇ ತಿನ್ನುತ್ತದೆಂದು ಅವನು ನಂಬಿದ್ದ. ಫೋಟೋ ಕೂಡ ತೆಗೆದಿರಲಿಲ್ಲ. ಓದಿಯೂ ಇರಲಿಲ್ಲ.

ಫೋನು ಹೊಡೆದುಕೊಂಡಿತು. ಹೆಂಡತಿ.

"ಮಗು ತುಟಿ ಅಂಟ್ಕೊಂಡಿದೆ ರೀ. ಗೆರೆನೇ ಕಾಣ್ತಿಲ್ಲ." ಉಸಿರು ಎಳೆದುಕೊಂಡಳು. "ಮೂಗೂ ಸವೀತಾ ಇದೆ. ಬೇಗ ಬನ್ನಿ."

ಅವನು ಅಜ್ಜಿಯ ಕಾಲಿಗೆ ಬಿದ್ದ. ಹೆಸರು ಹೇಳು, ಈಗಲೇ ಕೊರೆಯುತ್ತೇನೆ ಎಂದು ಗೋಗರೆದ. ಅಜ್ಜಿ ಬಾಯಿ ತೆರೆದಳು. ಮುಚ್ಚಿದಳು. ಅವಳ ಕಣ್ಣಲ್ಲಿ ಮೊದಲ ಬಾರಿಗೆ ಭಯ ಕಂಡಿತು.

"ನಲವತ್ತು ವರ್ಷ ದಿನಾ ಕೂಗಿದ ಹೆಸರು. ಈಗ ನಾಲಿಗೆಗೆ ಬರ್ತಿಲ್ಲ ಕಣೋ. ನೀನು ಅಳಿಸಿದ್ದು ಬರೀ ಕಲ್ಲಲ್ಲಿ ಅಲ್ಲ." ಅವಳು ಕಲ್ಲನ್ನೇ ನೋಡಿದಳು. "ಅದಕ್ಕೆ ಒಂದು ಹೆಸರು ಬೇಕು. ನಿನ್ನ ಮನೇದು. ಯಾರದು ಅಂತ ನೀನೇ ನೋಡ್ಕೋ."

ಅವನು ಬರಿಗೈಯಲ್ಲಿ ಮಣ್ಣು ಬಗೆದ. ಉಗುರು ಕಿತ್ತುಬಂತು. ಉಳಿ ಸಿಕ್ಕಿತು. ಕೂದಲು ಇನ್ನೂ ಕಪ್ಪಗಿತ್ತು, ಒದ್ದೆಯಾಗಿತ್ತು, ಬೆರಳಿಗೆ ತಾನಾಗಿಯೇ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಹೊತ್ತಿಲ್ಲ. ಪಕ್ಕದ ಕಲ್ಲುಚೂರು ಎತ್ತಿ ಉಳಿಗೆ ಒಂದು ಏಟು. ಮತ್ತೊಂದು. ತನ್ನ ಹೆಸರಿನ ಮೊದಲ ಅಕ್ಷರ. ತುಟಿ ಜುಮ್ಮೆಂದಿತು. ಎರಡನೆಯದು. ನಾಲಿಗೆ ದಪ್ಪಗಾಯಿತು. ಮಗಳ ಮೂಗು. ಮಗಳ ಉಸಿರು. ಹೊಡಿ. ಕೊನೆಯ ಅಕ್ಷರ. ಉಳಿ ಕೈಯಿಂದ ಜಾರಿತು.

ಫೋನು ಮತ್ತೆ ಹೊಡೆದುಕೊಂಡಿತು. ಹೆಂಡತಿ ಅಳುತ್ತಾ ನಗುತ್ತಿದ್ದಳು. ಬಾಯಿ ಬಿಟ್ಟಳು ರೀ, ಎಲ್ಲ ಸರಿಹೋಯ್ತು, ನಿಮ್ಮ ಹತ್ರಾನೇ ಮಾತಾಡ್ಬೇಕಂತೆ.

"ಅಪ್ಪಾ," ಎಂದಳು ಮಗಳು. "ಅಪ್ಪಾ, ಮಾತಾಡು."

ಅವನು ಬಾಯಿ ತೆರೆಯಲು ಹೋದ. ಬೆರಳಿನಿಂದ ಮುಟ್ಟಿ ನೋಡಿದ. ಮೂಗಿನ ಕೆಳಗಿನಿಂದ ಗದ್ದದವರೆಗೆ ನುಣ್ಣಗಿತ್ತು.

ಅಜ್ಜಿ ಬಕೆಟ್ಟಿನಲ್ಲಿ ನೀರು ತಂದಳು. ಹೊಸ ಹೆಸರಿನ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ ಹೆಸರನ್ನು ಗಟ್ಟಿಯಾಗಿ ಓದಿದಳು. ಒಂದು ಉಸಿರು ಕಾದಳು. "ಬಂದೆ" ಎನ್ನಲು ಅವನಿಗೆ ಬಾಯಿರಲಿಲ್ಲ. ಅಜ್ಜಿ ತೊಳೆಯತೊಡಗಿದಳು.