ಎಪ್ಪತ್ತಕ್ಕೆ ನಿಂತ ಮುಳ್ಳು

"ನಮ್ಮಣ್ಣನ್ನ ಕೊಂದಿದ್ದು ಸಾಲದಾ? ಇಲ್ಲಿಗ್ಯಾಕೆ ಬಂದ್ರಿ?"

ಮನೆಯ ಮುಂದಿನ ಕೋಣೆಯೇ ಅವಳ ಮೀಟರ್ ರಿಪೇರಿ ಅಂಗಡಿ. ಬಾಗಿಲಲ್ಲಿ ನಿಂತಿದ್ದವನು ಅಣ್ಣನ ಜೀವದ ಗೆಳೆಯ... ಅವಳನ್ನು ಮದುವೆಯಾಗಬೇಕಿದ್ದವನು!

ಗೆಳೆಯರಿಬ್ಬರೂ ಬಿಡಿಭಾಗ ತರಿಸಿ, ಬೈಕಿನ ಎಂಜಿನ್ ಕೂರಿಸಿ, ಪುಟ್ಟ ಕಾರೊಂದನ್ನು ಕಟ್ಟಿದ್ದರು. ಅಣ್ಣ ಓಡಿಸುತ್ತಿದ್ದಾಗ ಎಂಜಿನ್ ಕಾದು ಜಾಮ್ ಆಗಿ, ಹಿಂದಿನ ಚಕ್ರಗಳು ಕಚ್ಚಿಕೊಂಡು, ಕಾರು ಗೋಡೆಗೆ ಅಪ್ಪಳಿಸಿತ್ತು. ಬಿಸಿ ತೋರಿಸುವ ಮೀಟರಿಗೆ ತಪ್ಪು ಸೆನ್ಸರ್ ಹಾಕಿದ್ದು ನಾನೇ ಎಂದು ಇವನು ಒಪ್ಪಿಕೊಂಡಿದ್ದ. ಅಮ್ಮ ಹಿಡಿಶಾಪ ಹಾಕಿದ್ದರು. ಮದುವೆ ಮುರಿದುಬಿತ್ತು.

"ಕಾರು ರಿಪೇರಿ ಮಾಡಿಸಿ ಮಾರಿಬಿಡು ಅಂತ ನಿಮ್ಮಮ್ಮ ಹೇಳಿ ಕಳಿಸಿದ್ರು," ಅವನು ತಲೆ ತಗ್ಗಿಸಿಯೇ ಹೇಳಿದ. "ಮೀಟರಿಗೆ ಸರಿಹೊಂದೋ ಸೆನ್ಸರ್ ನೀನೇ ನೋಡಿಕೊಡು. ತಗೊಳ್ಳೋರ ಮನೇಲೂ ಅಳು ಬೇಡ."

ಅವಳ ಕೈ ಅವನ ಕೆನ್ನೆಗೆ ಹೋಗಬೇಕಿತ್ತು. ಅವನು ತಂದಿದ್ದ ಮೀಟರಿನ ಡಬ್ಬಿಗೆ ಹೋಯಿತು.

"ಹಳೇ ಸೆನ್ಸರ್ ಎಲ್ಲಿ?"

"ಅದ್ಯಾಕೀಗ..."

"ಕೊಡಿ!"

ಸೆನ್ಸರನ್ನು ಮೀಟರಿಗೆ ಜೋಡಿಸಿ ಕುದಿಯುವ ನೀರಿಗೆ ಇಳಿಬಿಟ್ಟಳು. ಮುಳ್ಳು ಏರಿತು... ಎಪ್ಪತ್ತಕ್ಕೆ ನಿಂತುಬಿಟ್ಟಿತು. ನೂರು ತೋರಿಸಬೇಕಾದಲ್ಲಿ ಎಪ್ಪತ್ತು! ಮೀಟರ್ ಕಾರಿನದು, ಸೆನ್ಸರ್ ಬೈಕಿನದು. ಎಂಜಿನ್ ಕುದಿಯುತ್ತಿದ್ದರೂ ಅಣ್ಣ ಈ ಮುಳ್ಳನ್ನೇ ನಂಬಿ ಆಕ್ಸಿಲರೇಟರ್ ತುಳಿದಿದ್ದ.

ಸೆನ್ಸರ್ ಎತ್ತಿಟ್ಟವಳು ಅದರ ತಂತಿಯ ಗಂಟು ಕಂಡು ಬೆಚ್ಚಿದಳು. ಗಂಟು ಎಡಕ್ಕೆ ಸುತ್ತಿತ್ತು. ಎಡಚನಾದ ಅಣ್ಣನೊಬ್ಬನೇ ಹಾಗೆ ಸುತ್ತುತ್ತಿದ್ದದ್ದು. ನಿನ್ನ ಗಂಟು ಬಿಚ್ಚೋಕೆ ನನ್ನ ಆಯಸ್ಸು ಸಾಲಲ್ಲ ಎಂದು ಎಷ್ಟು ಸಲ ಜಗಳವಾಡಿದ್ದಳು!

"ಇದು ನೀವು ಹಾಕಿದ್ದಲ್ಲ..."

ಅವನು ಸೆನ್ಸರ್ ಕಿತ್ತುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ.

"ಹೇಳಿ!"

"ನಾನು ಹಾಕಿದ್ದು ಒಡೆದುಹೋಯ್ತು. ನಾನು ಊರಲ್ಲಿರಲಿಲ್ಲ. ಬೈಕಿನದನ್ನೇ ಹಾಕ್ಕೊಂಡಿದೀನಿ ಅಂತ ಫೋನ್ ಮಾಡಿದ. ಓಡಿಸಬೇಡ ಕಣೋ ಅಂದೆ... ಕೇಳಲಿಲ್ಲ."

"ಮತ್ತೆ ತಪ್ಪು ನಂದೇ ಅಂತ ಯಾಕೆ ಅಂದ್ರಿ?"

"ನಿಮ್ಮಮ್ಮನಿಗೆ ಬೈಯೋಕೆ ಯಾರಾದ್ರೂ ಬೇಕಿತ್ತು. ಸತ್ತ ಮಗನ್ನ ಹೇಗೆ ಬೈತಾರೆ?"

ಅಣ್ಣನ ಮೇಲೆ ಸಿಟ್ಟು ಉಕ್ಕಿತು. ಇವನ ಮೇಲೆ ಅದಕ್ಕಿಂತ ಹೆಚ್ಚು. 'ಇವನನ್ನು ದ್ವೇಷಿಸೋಕೆ ಹೋಗಿ ನಾನೆಷ್ಟು ಸೋತುಹೋದೆ...'

"ಅದಕ್ಕೆ ನನ್ನನ್ನೂ ಕಳ್ಕೊಂಡ್ರಾ?"

"ಹ್ಞೂಂ..." ಅವನ ದನಿ ಒಡೆಯಿತು. "ಅದೊಂದು ಮಾತ್ರ ಈಗ್ಲೂ ತಡ್ಕೊಳ್ಳೋಕಾಗ್ತಿಲ್ಲ."

ಒಳಗಿನಿಂದ ಅಮ್ಮ ಕೂಗಿದರು. "ಯಾರೇ ಬಂದಿರೋದು?"

ಅವನು ಗಾಬರಿಯಿಂದ ಬಾಗಿಲಿಗೆ ತಿರುಗಿದ. ಅವಳು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮನಿಗೆ ನಾನೂ ಹೇಳಲ್ಲ. ಆದ್ರೆ ಇನ್ಮೇಲೆ ನೀವೊಬ್ರೇ ಬೈಸ್ಕೊಳ್ಳೋದು ಬೇಡ. ಪಕ್ಕದಲ್ಲಿ ನಾನೂ ನಿಂತಿರ್ತೀನಿ."

"ತುಂಬಾ ಬೈತಾರೆ ಕಣೇ..."

"ಗೊತ್ತು. ನಮ್ಮಮ್ಮ ಅಲ್ವಾ? ಬನ್ನಿ ಒಳಗೆ."