ಗೆರೆಯ ಮೇಲೆ ಬಿದ್ದ ಚೆಂಡು

ನನಗೆ ಟೆನಿಸ್ ಎಂದರೆ ಆಗುವುದಿಲ್ಲ. ಆ ಭಾನುವಾರದ ನಂತರವಂತೂ ಹೆಸರು ಕೇಳಿದರೂ ಮೈ ಉರಿಯುತ್ತದೆ.

ವಿಶಾಖಪಟ್ಟಣದ ನೌಕಾಪಡೆಯ ಕೋರ್ಟಿನಲ್ಲಿ ಬೆಳಿಗ್ಗೆ ಏಳಕ್ಕೆ ಫೈನಲ್ ಶುರುವಾಯಿತು. ಅಂಪೈರ್ ನನ್ನ ಚಿರಂತ್. ಒಂಬತ್ತಕ್ಕೆ ಮುಗಿಯುತ್ತದೆ, ಹನ್ನೆರಡೂವರೆ ರೈಲಿಗೆ ವಿಜಯವಾಡಕ್ಕೆ ಹೋಗೋಣ ಎಂದಿದ್ದ. ನೆಂಟರ ಮದುವೆಗೆಂದು ಅಲ್ಲಿಗೆ ಬಂದಿದ್ದ ಅಪ್ಪ ಖಡಾಖಂಡಿತವಾಗಿ ಹೇಳಿದ್ದರು: ಇಂದು ಆ ಹುಡುಗ ಬಂದು ಮುಖ ತೋರಿಸದಿದ್ದರೆ ನಿನ್ನನ್ನು ಹುಬ್ಬಳ್ಳಿಯ ಡಾಕ್ಟರಿಗೆ ಕೊಡುತ್ತೇನೆಂದು ಮಾತು ಕೊಟ್ಟುಬಿಡುತ್ತೇನೆ.

ಕೊನೆಯ ಸೆಟ್ಟಿಗೆ ಟೈಬ್ರೇಕ್ ಇಲ್ಲವಂತೆ. ಯಾರಾದರೂ ಎರಡು ಗೇಮ್ ಮುಂದಾಗುವವರೆಗೂ ಆಡುತ್ತಲೇ ಇರಬೇಕಂತೆ. ಹನ್ನೊಂದೂವರೆಗೆ ಸ್ಕೋರು ಇಪ್ಪತ್ತೆರಡು–ಇಪ್ಪತ್ತೊಂದು! ಎತ್ತರದ ಕುರ್ಚಿಯಿಂದ ಅವನು ನನ್ನತ್ತ ಕಳ್ಳನೋಟ ಬೀರಿ ನಕ್ಕ. ನಾನು ವಾಚು ತೋರಿಸಿ ಹಲ್ಲು ಕಡಿದೆ.

ಕೊನೆಗೂ ಪೃಥ್ವೀರಾಜನಿಗೆ ಮ್ಯಾಚ್ ಪಾಯಿಂಟ್; ಇದೊಂದು ಗೆದ್ದರೆ ಆಟ ಮುಗಿಯಿತು. ಎದುರಾಳಿ ಕಾಮೇಶ್ವರ ಹೊಡೆದ ಚೆಂಡು ಮೂಲೆಗೆ ಬಿತ್ತು.

"ಔಟ್!" ಎಂದ ಚಿರಂತ್.

ನಾನು ದಡಬಡಿಸಿ ಎದ್ದೆ. ಆಟಗಾರರು ಕೈಕುಲುಕಲು ನೆಟ್ಟಿನ ಬಳಿ ಬಂದರು. ಅಷ್ಟರಲ್ಲಿ ಈ ಮಹಾನುಭಾವ ಮತ್ತೆ ಬಾಯಿ ತೆರೆದ: "ಕರೆಕ್ಷನ್. ಬಾಲ್ ವಾಸ್ ಗುಡ್."

ಚೆಂಡು ಗೆರೆಯ ಮೇಲೆ ಬಿದ್ದಿತ್ತಂತೆ. ಪಾಯಿಂಟ್ ಕಾಮೇಶ್ವರನಿಗೆ. ಆಟ ಮುಗಿದಾಗ ಒಂದೂಕಾಲು. ರೈಲು ಹೋಗಿತ್ತು.

ಅವನು ಕುರ್ಚಿ ಇಳಿಯುವುದನ್ನೇ ಕಾಯುತ್ತಿದ್ದೆ.

"ಆ ಕಾಮೇಶ್ವರನೇ ಸುಮ್ನಿದ್ದ. ನೀ ಯಾಕ ಬಾಯಿ ಬಿಟ್ಟಿ?"

"ಬಾಲ್ ಒಳಗ ಬಿದ್ದಿತ್ತು, ಹರ್ಷಿತಾ."

"ಯಾರಿಗೂ ಕಂಡಿರಲಿಲ್ಲ!"

"ನನಗ ಕಂಡಿತ್ತಲ್ಲ."

"ಅಂದ್ರ ನಾ ಡಾಕ್ಟರನ ಮನಿ ಸೇರಿದ್ರೂ ನಡೀತದ, ಹೌದಲ್ಲೊ?"

ಅವನ ಮುಖ ಬಾಡಿತು. ಬಿಸಿಲಿಗೆ ತುಟಿಗಳು ಒಡೆದಿದ್ದವು.

"ಔಟ್ ಅಂದದ್ದ ಆ ರೈಲಿನ ಸಲುವಾಗಿ. ನಿನ್ನ ಸಲುವಾಗಿ. ನೀ ಖುಷಿಲೆ ಎದ್ದಿ ನೋಡು, ಆಗ ನಾಚಿಕಿ ಆತು. ಸುಳ್ಳು ಹೇಳಿ ಬಂದು ನಿಮ್ಮಪ್ಪನ ಮುಂದ ಹೆಂಗ ಕೂಡ್ಲಿ?"

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಇಂಥವನನ್ನು ಎಷ್ಟು ಬೇಕಾದರೂ ಬೈಯಬಹುದು, ಬಿಡಲು ಮಾತ್ರ ಆಗುವುದಿಲ್ಲ. ಅಪ್ಪನಿಗೆ ಫೋನ್ ಹಚ್ಚಿ ರೈಲು ತಪ್ಪಿತೆಂದೆ.

"ಬರೂದಿಲ್ಲೇನು ಅವಾ?" ಅಪ್ಪ ಗುಡುಗಿದರು. "ಡಾಕ್ಟರಿಗೆ ಹೂಂ ಅಂತೀನಿ."

"ಅನ್ರಿ. ಮದುವಿ ದಿನ ಹಸಿಮಣಿ ಮ್ಯಾಲೂ ನೀವ ಕೂಡ್ರಿ. ನಾ ಮದುವಿ ಆಗೂದು ಚಿರಂತನ್ನ. ಬಸ್ಸಿಗೆ ಬರಾಕತ್ತೀವಿ, ತಡಾ ಆಗತದ."

ಫೋನ್ ಇಟ್ಟೆ. ಚಿರಂತ್ ಬಾಯಿ ತೆರೆದುಕೊಂಡು ನೋಡುತ್ತಿದ್ದ.

"ಏನ್ ನೋಡ್ತಿ? ನನ್ನ ಸಿಟ್ಟು ಇನ್ನಾ ಇಳದಿಲ್ಲ. ನಡಿ!"

ಬಸ್ಸಿನಲ್ಲಿ ಅವನು ನನ್ನ ಕೈ ಹಿಡಿದ. ನಾನು ಬಿಡಿಸಿಕೊಳ್ಳಲಿಲ್ಲ. ನೂರು ಕಿಲೋಮೀಟರ್ ದೂರದ ತುನಿ ದಾಟುವವರೆಗೆ ಬೈಯುವುದನ್ನೂ ನಿಲ್ಲಿಸಲಿಲ್ಲ.