ಮೀನಿನ ಹೊಟ್ಟೆಯ ಹಿಡಿ

“ಅಕ್ಕಾ, ಇಲ್ನೋಡಿ! ಈ ಹಿಡಿ ಉಲ್ಟಾ ಕಡೆ ಇದೆ!”

ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಹುಡುಗಿ ಕೂಗಿದಳು. ಶನಿವಾರ ಕೈಗೆ ಬಂದ ಸ್ಪ್ಯಾನರನ್ನು ಅವಳು ಇನ್ನೂ ಕೆಳಗಿಟ್ಟಿರಲಿಲ್ಲ. ಹಾಗಾಗಿ ಅವಳ ಹೆಸರೇ ಸ್ಪ್ಯಾನರ್ ರಾಣಿ ಎಂದಾಗಿತ್ತು.

ಶಾಲೆಯ ಮೈದಾನದಲ್ಲಿ ಕಬ್ಬಿಣದ ಮೀನೊಂದು ತಯಾರಾಗುತ್ತಿತ್ತು. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಹೊಲದ ಸಾಮಾನುಗಳನ್ನೆಲ್ಲ ಊರಿನವರು ತಂದುಕೊಟ್ಟಿದ್ದರು. ನೇಗಿಲ ಗುಳಗಳೇ ಈಜುರೆಕ್ಕೆ, ಟ್ರ್ಯಾಕ್ಟರ್ ಸೀಟೇ ತಲೆ. ಹೊಟ್ಟೆ ಮಾತ್ರ ರಾಣಿಯ ಅಜ್ಜಿ ಕೊಟ್ಟ ಜೋಳ ಬಿಡಿಸುವ ಯಂತ್ರ. ಹಿಡಿ ತಿರುಗಿಸಿದರೆ ಮೀನಿನ ಬಾಲ ಅಲ್ಲಾಡಬೇಕು.

“ಹೌದಲ್ಲ! ಯಾರೋ ತಪ್ಪು ಜೋಡಿಸಿರ್ಬೇಕು,” ಎಂದರು ಮಕ್ಕಳಿಂದ ಮೀನು ಕಟ್ಟಿಸುತ್ತಿದ್ದ ವೆಲ್ಡಿಂಗ್ ಅಕ್ಕ. “ಬಲಗಡೆ ಹಾಕಿಬಿಡು. ಸಂಜೆ ನಟ್‌ಗೆ ವೆಲ್ಡ್ ಹೊಡೀತೀನಿ. ಆಮೇಲೆ ಯಾರೂ ಬಿಚ್ಚೋಕಾಗಲ್ಲ.”

ನಟ್ ಬಲು ಹಟಮಾರಿ. ಎಣ್ಣೆ ಬಿಟ್ಟು, ಬೈದು, ಕೊನೆಗೆ ಸ್ಪ್ಯಾನರ್ ಮೇಲೆ ನೇತಾಡಿ ರಾಣಿ ಅದನ್ನು ಬಿಚ್ಚಿದಳು. ಹಿಡಿ ಬಲಗಡೆ ಕೂತಿತು. ಅಷ್ಟು ದೊಡ್ಡ ತಪ್ಪು ಕಂಡುಹಿಡಿದದ್ದು ತಾನೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೂ ಆಯಿತು. ಆದರೂ ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು. ತಪ್ಪಾಗಿದ್ದರೆ ಇಷ್ಟು ವರ್ಷ ಯಾರೂ ಯಾಕೆ ಸರಿಮಾಡಲಿಲ್ಲ?

ಸಂಜೆ ಅಜ್ಜಿ ಬಂದರು. ಮೀನಿನ ಸುತ್ತ ಒಂದು ಸುತ್ತು ಹಾಕಿ, ತಮ್ಮ ಯಂತ್ರದ ಮುಂದೆ ನಿಂತು, ನೋಡದೆಯೇ ಎಡಗೈ ಚಾಚಿದರು. ಅಲ್ಲಿ ಹಿಡಿ ಇರಲಿಲ್ಲ.

“ಚೆನ್ನಾಗಿ ಮಾಡಿದ್ದೀರಮ್ಮ,” ಎನ್ನುತ್ತ ಕೈ ಹಿಂದಕ್ಕೆ ತೆಗೆದುಕೊಂಡರು.

ರಾಣಿ ಆ ಕೈಯನ್ನೇ ನೋಡಿದಳು. ಅಜ್ಜಿ ಎಡಗೈಯಲ್ಲಿ ಸೌಟು ಹಿಡಿಯುವುದನ್ನು ಅವಳು ದಿನಾ ನೋಡುತ್ತಿದ್ದಳು. ಆದರೆ ಅದು ನೆನಪಿಗೇ ಬಂದಿರಲಿಲ್ಲ.

“ಅಜ್ಜಿ, ಹಿಡಿ ಮೊದಲಿಂದಲೂ ಎಡಗಡೆನೇ ಇತ್ತಾ?”

“ಇಲ್ವೇ. ತಂದಾಗ ಬಲಗಡೆ ಇತ್ತು. ಒಂದಿನ ಹೊಲದಿಂದ ಬಂದು ನೋಡ್ತೀನಿ, ನಿಮ್ಮ ತಾತ ಎಡಗಡೆಗೆ ಹಾಕಿಟ್ಟಿದ್ರು. ನಾನೇನೂ ಕೇಳಿರ್ಲಿಲ್ಲಮ್ಮ.”

“ಎಲ್ಲ ಸ್ವಲ್ಪ ಹಿಂದೆ ಸರೀರಿ,” ಎಂದು ವೆಲ್ಡಿಂಗ್ ಅಕ್ಕ ಮುಖಕ್ಕೆ ಮಾಸ್ಕ್ ಇಳಿಸಿಕೊಂಡರು.

“ನಿಲ್ಸಿ ಅಕ್ಕಾ! ಅದು ಸರಿಯಾಗೇ ಇತ್ತು. ತಪ್ಪು ಮಾಡಿದ್ದು ನಾನು.”

ಅಷ್ಟು ಜನರ ಮುಂದೆ ಹೇಳುವಾಗ ರಾಣಿಯ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು. ಅಜ್ಜಿಯ ಕಡೆ ನೋಡಲೂ ಆಗಲಿಲ್ಲ.

“ಎಡಗಡೆ ಇದ್ರೆ ನಮಗೆಲ್ಲ ಕಷ್ಟ ಆಗಲ್ವಾ?” ಎಂದು ಅವಳ ಕ್ಲಾಸಿನ ಹುಡುಗ ರಾಗ ಎಳೆದ.

“ಸ್ವಲ್ಪ ಕಷ್ಟಪಡು, ಏನೀಗ?” ಎಂದು ರಾಣಿ ಮತ್ತೆ ನಟ್ ಬಿಚ್ಚತೊಡಗಿದಳು.

ಹಿಡಿ ಎಡಗಡೆಗೆ ಬಂತು. ಅಜ್ಜಿ ತಿರುಗಿಸಿದರು. ಗರಗರ ಸದ್ದಿನ ಜೊತೆ ಬಾಲ ಆ ಕಡೆ ಈ ಕಡೆ ಬೀಸಿತು. ಮಕ್ಕಳೆಲ್ಲ ಹೋ ಎಂದರು.

ಆಮೇಲೆ ರಾಣಿಯೂ ಎಡಗೈಯಲ್ಲಿ ತಿರುಗಿಸಿ ನೋಡಿದಳು. ಹತ್ತು ಸುತ್ತು ಆಗುವಷ್ಟರಲ್ಲಿ ತೋಳು ಸೋತಿತು. ಅಜ್ಜಿಗೂ ಬಲಗೈಯಲ್ಲಿ ಹೀಗೇ ಆಗಿರಬೇಕು. ಆದರೆ ಅಜ್ಜಿ ಬಾಯಿಬಿಟ್ಟು ಹೇಳಿರಲಿಲ್ಲ.

ಹಾಗಾದರೆ ತಾತ ಅಲ್ಲೇ ಎಲ್ಲೋ ನಿಂತು ಅಜ್ಜಿಯ ಕೈಯನ್ನೇ ನೋಡುತ್ತಿದ್ದಿರಬೇಕು.